ಅತ್ತೆಯ ಅಂಗಡಿ ಗೆಂಡೆಹಳ್ಳಿಗೆ ಬಂದದ್ದು

ಮೊನ್ನೆ ನಮ್ಮ ಬೀದಿಗೆ ಡಾಂಬರು ಬಂತು. ಡಾಂಬರು ಬಂದರೆ ಜನ ಕಿಟಕಿ ಮುಚ್ಚಿಕೊಂಡು ಒಳಗೆ ಕೂರುತ್ತಾರೆ. ನಾನು ಬಾಗಿಲು ತೆಗೆದುಕೊಂಡು ಹೊರಗೆ ಬಂದೆ. ಅರಸೀಕೆರೆಯ ಬಿಸಿಲು, ಕುದಿಯುವ ಡ್ರಮ್ಮು, ಕಪ್ಪು ಹೊಗೆ. ಗೇಟಿಗೆ ಒರಗಿ, ಕಣ್ಣು ಮುಚ್ಚಿ, ಮೂಗು ಮೇಲೆತ್ತಿ ನಿಂತಿದ್ದೆ. ಹಿಂದಿನಿಂದ ಹೆಂಡತಿಯ ದನಿ ಬಂತು.

"ಏನ್ರೀ ಅದು, ಮಲ್ಲಿಗೆ ಹೂವೇನ್ರೀ? ರೋಡ್ ಕೆಲಸದವರು ನಿಮ್ಮನ್ನೇ ನೋಡ್ಕೊಂಡು ನಗ್ತಿದಾರೆ. ಒಳಗೆ ಬನ್ನಿ ಸುಮ್ನೆ."

ಅವರು ನಗುತ್ತಿದ್ದದ್ದು ನಿಜ. ನಿವೃತ್ತಿಯ ಅಂಚಿಗೆ ಬಂದ ಮೇಷ್ಟರೊಬ್ಬ ಡಾಂಬರಿನ ಡ್ರಮ್ಮಿನ ಎದುರು ಮಂಗಳಾರತಿಗೆ ನಿಂತವನ ಹಾಗೆ ನಿಂತರೆ ಯಾರಿಗಾದರೂ ನಗು ಬರುತ್ತದೆ. ಏನು ಮಾಡಲಿ ಹೇಳಿ? ಆ ವಾಸನೆ ಮೂಗಿಗೆ ಬಿತ್ತೆಂದರೆ ನಾನು ಕಣಕಟ್ಟೆಯ ಬಸ್ ಸ್ಟಾಪಿನಲ್ಲಿ, ನಿಂಗಮ್ಮತ್ತೆಯ ಪೆಟ್ಟಿಗೆ ಅಂಗಡಿಯೊಳಗೆ ಮಂಡಿ ಮಡಚಿಕೊಂಡು ಕೂತುಬಿಟ್ಟಿರುತ್ತೇನೆ.

ನಿಂಗಮ್ಮತ್ತೆ ನಮ್ಮಪ್ಪನ ಅಕ್ಕ. ನಮ್ಮೂರು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಅವಳನ್ನು ಕೊಟ್ಟದ್ದು ಅರಸೀಕೆರೆಯ ಆಚೆ, ಕಣಕಟ್ಟೆಗೆ. ಮಾವ ರೈಲ್ವೆಯಲ್ಲಿ ಹಳಿ ಕೆಲಸದವನು. ಹಳಿಯ ಕೆಳಗಿನ ಮರದ ಸ್ಲೀಪರುಗಳನ್ನು ಕಿತ್ತು ಸಿಮೆಂಟಿನವನ್ನು ಹಾಕುತ್ತಾ ಬಂದಾಗ ಹಳೆಯವನ್ನೆಲ್ಲ ಹರಾಜು ಹಾಕಿದರಂತೆ. ಉಳಿದವರು ಸೌದೆಗೆಂದು ಕೊಂಡರು, ಮಾವ ಅಂಗಡಿಗೆಂದು ಕೊಂಡ. ಮಕ್ಕಳಿಲ್ಲದ ಹೆಂಡತಿ ಹಗಲೆಲ್ಲ ಗೋಡೆ ನೋಡಿಕೊಂಡು ಕೂರಬಾರದು ಎಂಬುದಷ್ಟೇ ಅವನ ಲೆಕ್ಕ. ಸ್ಲೀಪರನ್ನೇ ಅಡಿಪಾಯ ಮಾಡಿ, ಸ್ಲೀಪರನ್ನೇ ಕಂಬ ಮಾಡಿ, ಮಿಕ್ಕಿದ್ದನ್ನು ಹಲಗೆಯಾಗಿ ಕುಯ್ಯಿಸಿ, ಮೇಲೆ ತಗಡು ಹೊದಿಸಿ ಒಂದು ಗೂಡು ಕಟ್ಟಿದ. ಒಬ್ಬರು ಕೂತು ಕೈ ಚಾಚಿದರೆ ನಾಲ್ಕು ಕಡೆಯ ಸಾಮಾನೂ ಸಿಗಬೇಕು, ಅಷ್ಟಗಲ. ಆಮೇಲೆ ಕೆಲವೇ ವರ್ಷಕ್ಕೆ ಜ್ವರವೊಂದರಲ್ಲಿ ಅವನು ಹೋದ. ಗೂಡು ಉಳಿಯಿತು.

ಆ ಮರ ವರ್ಷಗಟ್ಟಲೆ ಎಣ್ಣೆ, ಡಾಂಬರು ಕುಡಿದು ಕೂತಿತ್ತು. ಬೇಸಿಗೆಯ ಮಧ್ಯಾಹ್ನ ಅದು ಬೆವರುತ್ತಿತ್ತು. ಕಂಬದ ಬಿರುಕಿನಲ್ಲಿ ಕಪ್ಪು ಹನಿ ಮೂಡುವುದು, ನಾನು ಹೆಬ್ಬೆರಳಲ್ಲಿ ಒತ್ತುವುದು, ಒತ್ತಿದ ಹೆಬ್ಬೆರಳನ್ನು ಚಡ್ಡಿಗೆ ಒರೆಸುವುದು. ರಜ ಮುಗಿಸಿ ಗೆಂಡೆಹಳ್ಳಿಗೆ ವಾಪಸಾದರೆ ಅವ್ವ ನನ್ನನ್ನು ಹೊಸಿಲಲ್ಲೇ ನಿಲ್ಲಿಸಿ ಮೂಸಿ, "ಬಂತಪ್ಪ ರೈಲು. ಮೊದ್ಲು ಬಚ್ಚಲಿಗೆ ನಡಿ" ಎನ್ನುತ್ತಿದ್ದಳು.

ನಾನು ಮಾತು ಕಲಿತದ್ದೂ ಆ ಗೂಡಿನಲ್ಲೇ. ಸ್ಕೂಲಿನಲ್ಲಿ ಕಲಿತದ್ದು ಪಾಠ. ಅತ್ತೆಯ ಬಾಯಿಗೆ ಸಿಕ್ಕಿದವರು ಸುಮ್ಮನೆ ಹೋದದ್ದನ್ನು ನಾನು ಕಂಡಿಲ್ಲ.

"ನಿಂಗಕ್ಕ, ಟೀ ತಣ್ಣಗಾಗೈತಲ್ಲ?" ಎಂದು ಯಾರೋ ಒಬ್ಬ ಕೇಳಿದ.

"ಬಿಸಿ ಇದ್ದಾಗ ಆ ಅರಳಿಮರದ ಕೆಳ್ಗೆ ಹರಟೆ ಹೊಡೀತಿದ್ದೆ. ಕಾಯ್ಕೊಂಡು ಕೂರೋಕೆ ಟೀ ಏನು ನಿನ್ನ ಹೆಂಡ್ತಿ ಏನ್ಲಾ?"

ಅವನೇ ಮೊದಲು ನಕ್ಕ. ಇನ್ನೊಂದು ಲೋಟ ಕೊಂಡ.

ಆ ಅಂಗಡಿಯ ನೆಲ ರಸ್ತೆಗಿಂತ ಸೊಂಟದಷ್ಟು ಎತ್ತರದಲ್ಲಿತ್ತು. ಅತ್ತೆ ಕೂತಿರುತ್ತಿದ್ದಳು, ಬಂದವರು ಕೆಳಗೆ ನಿಂತಿರುತ್ತಿದ್ದರು. ತೆಂಗಿನ ತೋಟದ ಯಜಮಾನರಾಗಲಿ, ಬಸ್ಸಿನ ಕಂಡಕ್ಟರಾಗಲಿ, ಕೈ ಮೇಲೆತ್ತಿಯೇ ಬಾಳೆಹಣ್ಣು ಇಸಿದುಕೊಳ್ಳಬೇಕು. ಮದುವೆ ಮನೆಗಳಲ್ಲಿ ಅತ್ತೆ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ನಿಲ್ಲುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಆರತಿ ತಟ್ಟೆ ಅವಳನ್ನು ಬಳಸಿಕೊಂಡು ಮುಂದೆ ಹೋಗುತ್ತಿತ್ತು. ಇಲ್ಲಿ ಮಾತ್ರ ಊರೇ ಅವಳ ಮುಂದೆ ಕತ್ತೆತ್ತಿ ನಿಲ್ಲುತ್ತಿತ್ತು. ಬೀಗದ ಕೈ, ಊಟದ ಕ್ಯಾರಿಯರು, ತೆಂಗಿನ ಸಸಿ, ಮೊಸರಿನ ಚೆಂಬು, "ನಮ್ಮೋರು ಬಂದ್ರೆ ಕೊಡಕ್ಕ" ಎಂದು ಬಿಟ್ಟುಹೋದ ಏನೇನೋ ಅವಳ ಮಗ್ಗುಲಲ್ಲಿ ಇರುತ್ತಿದ್ದವು.

ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವ ಮಾತು ಬಂತು. ಪೆಟ್ಟಿಗೆ ಅಂಗಡಿಗಳನ್ನೆಲ್ಲ ಎತ್ತಬೇಕು. ಅತ್ತೆ ಗಾಬರಿ ಬೀಳಲಿಲ್ಲ. ಎದುರಿನ ತೋಟದವರು, "ನಮ್ಮ ಬೇಲಿ ಮೂಲೇಲಿ ಇಟ್ಕೊಳಕ್ಕ, ಯಾರು ಬ್ಯಾಡ ಅಂತಾರೆ" ಎಂದಿದ್ದರು. ರಸ್ತೆ ದಾಟಿಸಿದರೆ ಮುಗಿಯಿತು. ಬಸ್ ಸ್ಟಾಪಿನ ಹುಡುಗರು ಒಂದು ಬೆಳಗ್ಗೆ ಕೈ ಹಾಕಿದ್ದರೆ ಆಗುತ್ತಿದ್ದ ಕೆಲಸ.

ಆದರೆ ಅವಳಿಗೆ ನಾವಿದ್ದೆವಲ್ಲ!

ನಮ್ಮ ಮನೆತನದ ಪ್ರೀತಿಗೆ ಕೈಕಾಲು ಜಾಸ್ತಿ, ಕಿವಿ ಕಡಿಮೆ. ನೆಂಟರು ಸಾಕು ಸಾಕು ಎಂದಷ್ಟೂ ಎಲೆಗೆ ಬಡಿಸುವ ಜನ ನಾವು. ನಾನು ಅರಸೀಕೆರೆಯಲ್ಲಿ ಮನೆ ಮಾಡಿದಾಗ ಅಪ್ಪ ಗೆಂಡೆಹಳ್ಳಿಯಿಂದ ಒರಳುಕಲ್ಲು ಹೊರಿಸಿಕೊಂಡು ಬಂದಿದ್ದ. ಬೇಡಪ್ಪ, ಮಿಕ್ಸಿ ಇದೆ ಎಂದರೆ, "ಕರೆಂಟು ಹೋದ್ರೆ?" ಎಂದ. ಅದು ಈಗಲೂ ಮೆಟ್ಟಿಲ ಕೆಳಗಿದೆ, ಮಳೆನೀರು ನಿಂತು ಗುಬ್ಬಿಗಳು ಸ್ನಾನ ಮಾಡುತ್ತವೆ. ಅಂಥ ಅಪ್ಪನಿಗೆ ಆ ವರ್ಷ ಯಾವುದೋ ಮದುವೆಯಲ್ಲಿ ಒಂದು ಮಾತು ಕಿವಿಗೆ ಬಿತ್ತು. "ಚಂದ್ರಣ್ಣ ಅಷ್ಟು ಗದ್ದೆ ಹೊಲ ಇಟ್ಕೊಂಡು ಅಕ್ಕನ್ನ ಬೀದೀಲಿ ಬೀಡಿ ಮಾರೋಕೆ ಬಿಟ್ಟವ್ನೆ" ಅಂತ. ಮಂಡಿ ಊದಿಕೊಂಡು ಅತ್ತೆ ಕುಂಟುತ್ತಿದ್ದದ್ದೂ ಆಗಲೇ. ಅಪ್ಪ ನನ್ನನ್ನು ಕರೆದುಕೊಂಡು ಕಣಕಟ್ಟೆಗೆ ಹೋದ.

"ಅಕ್ಕ, ಊರಿಗೆ ಬಂದ್ಬಿಡು."

"ಬಂದು? ನಿನ್ನ ಹೆಂಡ್ತಿ ಜೊತೆ ಬೆಳ್ಳುಳ್ಳಿ ಸುಲೀತಾ ಕೂರ್ಲಾ? ನಂಗೆ ಅಂಗಡಿ ಐತೆ ಕಣೋ."

"ಅಂಗಡಿ ಬಿಟ್ಟು ಬಾ ಅಂದ್ನಾ? ಅಂಗಡಿ ಸಮೇತ ಬಾ. ಟ್ರ್ಯಾಕ್ಟರ್ ತತ್ತೀನಿ. ಮಾವ ಕಟ್ಟಿದ ಒಂದು ಹಲಗೇನೂ ಬಿಚ್ಚಲ್ಲ. ನಮ್ಮನೆ ಮುಂದೇನೂ ರೋಡಿಲ್ವಾ, ಜನ ಇಲ್ವಾ?"

ಹೇಳುತ್ತಾ ಹೇಳುತ್ತಾ ಅಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ಅಷ್ಟು ದೊಡ್ಡ ಪ್ರೀತಿಗೆ ಎದುರು ಹೇಳಲು ಅತ್ತೆಯ ಹತ್ತಿರ ಇದ್ದದ್ದು ಬರೀ ತನ್ನ ಇಷ್ಟ. ಅದು ಅವಳಿಗೇ ಚಿಕ್ಕದಾಗಿ ಕಂಡಿತೋ ಏನೋ. "ಅಳಬ್ಯಾಡ ಸುಮ್ನಿರು, ಜನ ನೋಡ್ತಾರೆ" ಎಂದಳು. ಅದನ್ನೇ ನಾವು ಒಪ್ಪಿಗೆ ಎಂದುಕೊಂಡೆವು.

ಅಂಗಡಿ ಎತ್ತಿದ ದಿನ ಕಣಕಟ್ಟೆಯ ಅರ್ಧ ಊರು ಅಲ್ಲಿತ್ತು. ಸ್ಲೀಪರ್ ಮರದ ಭಾರ ನಿಮಗೆ ಗೊತ್ತಿಲ್ಲ, ನಮಗೂ ಗೊತ್ತಿರಲಿಲ್ಲ. ಹಾರೆ ಕೊಟ್ಟು ಮೀಟಿ, ತೆಂಗಿನ ದಿಮ್ಮಿಗಳನ್ನು ಅಡಿಗೆ ಉರುಳಿಸಿ, ಹೈಸ ಹೈಸ ಎಂದು ಅಂಗುಲ ಅಂಗುಲ ತಳ್ಳಿದರು. ನಾನೂ ಒಂದು ಕೈ ಹಾಕಿದೆ. "ಮೇಷ್ಟ್ರೇ, ನೀವು ಹೈಸ ಅನ್ನಿ ಸಾಕು, ಸೊಂಟ ಹಿಡ್ಕೊಂಡ್ರೆ ಸ್ಕೂಲಿಗೆ ರಜ ಕೊಡ್ಬೇಕಾಯ್ತದೆ" ಎಂದು ಪಕ್ಕಕ್ಕೆ ಸರಿಸಿದರು. ಅಂಗಡಿ ಸರಿದ ಜಾಗದಲ್ಲಿ ಚೌಕಾಕಾರದ ಬಿಳಿಚಿದ ಮಣ್ಣು. ಹಲಗೆಯ ಸಂದಿಯಿಂದ ವರ್ಷಗಳಿಂದ ಉದುರಿದ್ದೆಲ್ಲ ಅಲ್ಲಿತ್ತು: ಗುಂಡಿ, ಹೇರ್‌ಪಿನ್ನು, ಪೆಪ್ಪರಮಿಂಟಿನ ಕಾಗದ, ಒಂದು ನೀಲಿ ಗೋಲಿ. ಗೋಲಿ ನನ್ನದೇ. ಎತ್ತಿಕೊಳ್ಳಲು ನಾಚಿಕೆಯಾಗಿ ಬಿಟ್ಟೆ. ಅತ್ತೆ ಆ ಚೌಕವನ್ನು ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಟ್ರೈಲರಿನ ಹತ್ತಿರ ಹೋದಳು.

"ನೀನು ಬಸ್ಸಲ್ಲಿ ಬಾ ಅಕ್ಕ, ಮೈಯೆಲ್ಲ ಕುಲುಕ್ತದೆ" ಎಂದ ಅಪ್ಪ.

"ಅಂಗಡಿ ಒಂದೇ ಹೋದ್ರೆ ಅದಕ್ಕೆ ದಾರಿ ಗೊತ್ತೈತಾ? ಹತ್ತಿಸ್ಲಾ ನನ್ನ."

ಹೀಗೆ ಟ್ರ್ಯಾಕ್ಟರಿನ ಮೇಲೆ ಅಂಗಡಿ, ಅಂಗಡಿಯೊಳಗೆ ಅತ್ತೆ, ಅಂಗಡಿಯ ಹೊರಗೆ ಹಗ್ಗ ಹಿಡಿದುಕೊಂಡು ಅಪ್ಪ ಮತ್ತು ನಾನು. ಅರಸೀಕೆರೆಯ ಹತ್ತಿರ ಮಾಲೇಕಲ್ಲಿನ ಬೆಟ್ಟ ಕಂಡಾಗ ಅತ್ತೆ ಒಳಗಿಂದಲೇ ಕೈಮುಗಿದಳು. ದಾರಿಯಲ್ಲಿ ಬೈಕಿನವರು ನಿಧಾನ ಮಾಡಿ ಮೊಬೈಲು ಹಿಡಿದರು. ನನ್ನ ಶಿಷ್ಯರು ಯಾರಾದರೂ ನೋಡಿಯಾರೆಂದು ನಾನು ಟವೆಲ್ಲನ್ನು ತಲೆಗೆ ಸುತ್ತಿಕೊಂಡೆ. ಅದರಿಂದ ಇನ್ನೂ ಎದ್ದು ಕಂಡೆ ಎಂದು ಆಮೇಲೆ ಗೊತ್ತಾಯಿತು.

ಹಳೇಬೀಡಿನಲ್ಲಿ ಡ್ರೈವರು ಊಟಕ್ಕೆ ನಿಲ್ಲಿಸಿದ. ದೇವಸ್ಥಾನದ ಹತ್ತಿರ ಎರಡು ಮೂರು ಸ್ಕೂಲ್ ಟೂರಿನ ಬಸ್ಸುಗಳು ನಿಂತಿದ್ದವು. ನಾವು ಕೈ ತೊಳೆದು ಬರುವಷ್ಟರಲ್ಲಿ ಟ್ರೈಲರಿನ ಸುತ್ತ ಜನ. ಅತ್ತೆ ಮುಂದಿನ ಹಲಗೆಗಳನ್ನು ತೆಗೆದು ಒಳಗೆ ಗೋಡೆಗೆ ಒರಗಿಸಿದ್ದಾಳೆ, ಸ್ಟೌವ್ ಹಚ್ಚಿದ್ದಾಳೆ, ಬಾಳೆಗೊನೆ ನೇತುಹಾಕಿದ್ದಾಳೆ! ಮಕ್ಕಳು ಹಿಮ್ಮಡಿ ಎತ್ತಿ, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಿಪ್ಪಟ್ಟು ಇಸಿದುಕೊಳ್ಳುತ್ತಿದ್ದರು.

"ಅಜ್ಜೀ, ಇದು ಓಡೋ ಅಂಗಡೀನಾ?"

"ಹೂಂ ಕಣ್ಲಾ, ಓಡೋಯ್ತದೆ, ಬ್ಯಾಗ ತಗೋ."

ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬರು ಟೀ ಕೇಳಿದರು. "ಸಕ್ಕರೆ ಕಮ್ಮಿನಾ ಜಾಸ್ತಿನಾ? ಮುಖ ನೋಡಿದ್ರೆ ಜಾಸ್ತಿ ಬೇಕು ಅನ್ನಿಸ್ತದೆ" ಎಂದಳು. ಗುಂಪಿಗೆ ಗುಂಪೇ ನಕ್ಕಿತು. ಕಣಕಟ್ಟೆಯಲ್ಲಿ ಸೊಂಟದೆತ್ತರದಲ್ಲಿ ಕೂರುತ್ತಿದ್ದವಳು ಇಲ್ಲಿ ಟ್ರೈಲರಿನ ಮೇಲೆ ತಲೆಯೆತ್ತರದಲ್ಲಿದ್ದಳು. ಕೆನ್ನೆ ಕೆಂಪಾಗಿತ್ತು. ಊದಿದ ಮಂಡಿ ಅವಳ ನೆನಪಿನಲ್ಲಿದ್ದ ಹಾಗೆ ಕಾಣಲಿಲ್ಲ. ಡ್ರೈವರು ಗಾಡಿ ಸ್ಟಾರ್ಟ್ ಮಾಡಿದಾಗ ಕೆಳಗೆ ನಿಂತಿದ್ದ ಅಪ್ಪನನ್ನು ನೋಡಿ ಹೇಳಿದಳು:

"ಲೋ ಚಂದ್ರ, ಇಲ್ಲೇ ಇಳಿಸ್ಬಿಡ್ರೋ ನನ್ನ."

ನಾವು ನಕ್ಕೆವು. ಅಪ್ಪ ನಕ್ಕ, ಡ್ರೈವರು ನಕ್ಕ, ನಾನಂತೂ ಊರಿಗೆ ಹೋಗಿ ಹೇಳಲು ಒಳ್ಳೆ ಮಾತು ಸಿಕ್ಕಿತೆಂದು ನಕ್ಕೆ. ನಾವೆಲ್ಲ ನಕ್ಕ ಮೇಲೆ ಅತ್ತೆಯೂ ನಕ್ಕಳು. ಆ ಹಿಂದು ಮುಂದು ಈಗ ನನ್ನನ್ನು ಚುಚ್ಚುತ್ತದೆ. ತಮಾಷೆ ಮಾಡಿದವರು ಅಲ್ಲವೇ ಮೊದಲು ನಗಬೇಕಾದದ್ದು? ಅವಳು ಕೊನೆಗೆ ನಕ್ಕಳು, ನಮಗೋಸ್ಕರ. ಆಮೇಲೆ ಒಂದೊಂದೇ ಹಲಗೆ ಹಾಕಿಕೊಂಡಳು.

ಗೆಂಡೆಹಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ರಸ್ತೆ ತೆಂಕಲಿಗಿದೆ. ಅಂಗಡಿ ರಸ್ತೆಗೆ ಮುಖ ಮಾಡಬೇಕೆಂದರೆ ತೆಂಕಲಿಗೇ ಮುಖ ಮಾಡಬೇಕು. ಟ್ರ್ಯಾಕ್ಟರು ನಿಂತ ಕೂಡಲೇ ಅಪ್ಪನ ದಾಯಾದಿ, ಮೂಡಲಮನೆ ದೊಡ್ಡಪ್ಪ, ಕೋಲು ಊರಿಕೊಂಡು ಬಂದರು. ನಮ್ಮಲ್ಲಿ ಕಣ ಮಾಡಲಿ, ಕೊಟ್ಟಿಗೆ ಕಟ್ಟಲಿ, ಕೊನೆಗೆ ಕೋಳಿಗೂಡು ಇಡಲಿ, ದಿಕ್ಕು ಹೇಳುವವರು ಅವರೇ.

"ತೆಂಕ್ಲಿಗೆ ಬಾಗ್ಲಾ? ಗಂಡನ್ನ ಕಳ್ಕೊಂಡೋಳನ್ನ ಯಮನ ಕಡೆ ಮುಖ ಮಾಡಿ ಕೂರಿಸ್ತೀಯೇನ್ಲಾ ಚಂದ್ರ?"

"ನಾನು ಬೀಡಿ ಮಾರೋಕೆ ಕೂರೋದು ಕಣಣ್ಣ. ಯಮ ಬಂದ್ರೆ ಅವ್ನಿಗೂ ಒಂದು ಕಟ್ಟು ಕೊಟ್ಟು ಕಳಿಸ್ತೀನಿ" ಎಂದಳು ಅತ್ತೆ, ಇನ್ನೂ ಮೇಲಿಂದಲೇ.

ನೆರೆದವರು ನಕ್ಕರು. ದೊಡ್ಡಪ್ಪ ನಗಲಿಲ್ಲ.

"ಕಣಕಟ್ಟೇಲಿ ಎತ್ತ ಮುಖ ಇತ್ತು?"

"ಅಲ್ಲೂ ತೆಂಕ್ಲೇ."

"ಅದ್ಕೇ ಅವ್ನು ಅಷ್ಟು ಬ್ಯಾಗ ಹೋದ."

ಅಪ್ಪನ ಮುಖ ಕಪ್ಪಿಟ್ಟಿತು, ಆದರೆ ಹಿರಿಯರಿಗೆ ಎದುರಾಡಲಿಲ್ಲ. ಪುಸ್ತಕ ಓದಿದ ನಾನಾದರೂ ಆಡಬಹುದಿತ್ತು, ಆಡಲಿಲ್ಲ. ಬಾಯಿಗೆ ಸಿಕ್ಕಿದವರನ್ನು ಬಿಡದ ಅತ್ತೆ ಮೆಲ್ಲಗೆ ಟ್ರೈಲರಿನಿಂದ ಇಳಿದು, ಅವ್ವನ ಹಿಂದೆ ಅಡುಗೆಮನೆಗೆ ಹೋದಳು.

ಅಂಗಡಿಯನ್ನು ಮೂಡಲಿಗೆ ತಿರುಗಿಸಿ ಇಟ್ಟೆವು. ಎಂದರೆ ರಸ್ತೆಗೆ ಅದರ ಮಗ್ಗುಲು, ಮುಖವೆಲ್ಲ ನಮ್ಮ ಕೊಟ್ಟಿಗೆಗೆ. ರಸ್ತೆಯ ಧೂಳು ಅಕ್ಕನಿಗೆ ಬೇಡವೆಂದು ಅಪ್ಪ ಅದನ್ನು ಕಾಂಪೌಂಡಿನ ಒಳಕ್ಕೇ ಇರಿಸಿದ. ಗೆದ್ದಲು ಹತ್ತಬಾರದೆಂದು ಗಾರೆಯವನನ್ನು ಕರೆಸಿ ಅಡಿಯ ಸ್ಲೀಪರುಗಳ ಸುತ್ತ ಸಿಮೆಂಟು ತುಂಬಿಸಿದ. ಡಾಂಬರು ಕುಡಿದ ಮರಕ್ಕೆ ಯಾವ ಗೆದ್ದಲು ಬರುತ್ತದೆ? ಆದರೆ ಅಪ್ಪನಿಗೆ ಅಕ್ಕನ ಅಂಗಡಿ ಇನ್ನು ಅಲ್ಲಾಡಬಾರದಾಗಿತ್ತು. ಅವ್ವ ಒಳಗೆ ಒಲೆ ಇಟ್ಟು ಹಾಲು ಉಕ್ಕಿಸಿದಳು. ಬಂದವರಿಗೆಲ್ಲ ಸಿಹಿ ಹಂಚಿದೆವು. ಒಳ್ಳೆಯ ಕೆಲಸ ಮಾಡಿದೆ ಎಂದು ಊರೇ ಅಪ್ಪನಿಗೆ ಹೇಳಿತು.

ಆಮೇಲೆ ಯಾರೂ ಬರಲಿಲ್ಲ.

ಯಾರಾದರೂ ಹೇಗೆ ಬರುತ್ತಾರೆ ಹೇಳಿ? ಒಂದು ಬೀಡಿಗೆ ಚಂದ್ರಣ್ಣನ ಮನೆಯ ಗೇಟು ತೆಗೆದು, ನಾಯಿಯನ್ನು ಗದರಿಸಿ, ಜಗಲಿಯಲ್ಲಿ ಕೂತ ಯಜಮಾನನಿಗೆ ನಮಸ್ಕಾರ ಹೇಳಿ, ಕೊಟ್ಟಿಗೆ ಬಳಸಿಕೊಂಡು ಬರಬೇಕು. ಬಂದರೂ ಅತ್ತೆಯ ಜೊತೆ ಅವರಿಗೆ ಜಗಳವಾಡಲು ಬಾಯಿ ಬರುತ್ತಿರಲಿಲ್ಲ. ಇಲ್ಲಿ ಅವಳು ನಿಂಗಕ್ಕನಲ್ಲ, ಚಂದ್ರಣ್ಣನವರ ಅಕ್ಕ. ಬೀಗದ ಕೈ ಬಿಟ್ಟು ಹೋಗುವುದಂತೂ ದೂರದ ಮಾತು.

ಹಾಗಾಗಿ ನಾವೇ ಗಿರಾಕಿಗಳಾದೆವು. ನಮ್ಮದೇ ತೋಟದ ಬಾಳೆಗೊನೆಯನ್ನು ಅವ್ವ ಅತ್ತೆಯ ಅಂಗಡಿಗೆ ಕೊಟ್ಟು, ಮಧ್ಯಾಹ್ನ ಹೋಗಿ ಅದೇ ಹಣ್ಣನ್ನು ಕೊಂಡು ತರುತ್ತಿದ್ದಳು. ನನ್ನ ತಮ್ಮನ ಮಕ್ಕಳು ಪೆಪ್ಪರಮಿಂಟು ತಿಂದು ತಿಂದು ಹಲ್ಲುನೋವೆಂದು ಬೇಲೂರಿನ ಡಾಕ್ಟರ ಹತ್ತಿರ ಹೋದವು. ನಾನು ಊರಿಗೆ ಹೋದಾಗಲೆಲ್ಲ ಬೇಡವಾದಷ್ಟು ಟೀ ಕುಡಿಯುತ್ತಿದ್ದೆ. ಅಪ್ಪ ದಿನಾ ಸಂಜೆ ತಪ್ಪದೆ ಹೋಗಿ, "ಒಂದು ಕಟ್ಟು ಬೀಡಿ ಕೊಡಕ್ಕ" ಎನ್ನುತ್ತಿದ್ದ. ಅಪ್ಪ ಹುಟ್ಟಿದಾಗಿನಿಂದ ಬೀಡಿ ಸೇದಿದವನಲ್ಲ. ತಂದ ಕಟ್ಟುಗಳನ್ನು ಕೊಟ್ಟಿಗೆಯ ಗೋಡೆಗೂಡಿನಲ್ಲಿ, ಹಗ್ಗದ ಹಿಂದೆ ತುರುಕಿಡುತ್ತಿದ್ದ.

"ಯಾವಾಗ್ಲಾ ಕಲ್ತೆ ಈ ಚಟ?" ಎಂದು ಅತ್ತೆ ಮೊದಲ ದಿನ ಕೇಳಿದ್ದಳಂತೆ.

"ವಯಸ್ಸಾಯ್ತಲ್ಲಕ್ಕ, ಚಳಿಗೆ" ಎಂದನಂತೆ ಅಪ್ಪ.

ಒಂದು ಸಂಜೆ ನಾನೂ ಅಲ್ಲಿದ್ದೆ. ಅಪ್ಪ ಬೀಡಿ ಕೇಳುತ್ತಾ ನಿಂತಿದ್ದ. ಹಗ್ಗ ಕಿತ್ತುಕೊಂಡ ಕರುವೊಂದು ಕೊಟ್ಟಿಗೆಯಿಂದ ಹೊರಬಂದು ಅಂಗಡಿಯ ಮುಂದೆ, ಅಪ್ಪನ ಪಕ್ಕದಲ್ಲಿ, ಗಿರಾಕಿಯ ಹಾಗೆಯೇ ಬಂದು ನಿಂತಿತು. ಬಾಯಿಯಲ್ಲಿ ಏನನ್ನೋ ಅಗಿಯುತ್ತಿತ್ತು. ತುಟಿಯ ಅಂಚಿನಿಂದ ಒಂದು ಬಿಚ್ಚದ ಬೀಡಿ ಕಟ್ಟಿನ ಅರ್ಧ ಹೊರಗೆ ನೇತಾಡುತ್ತಿತ್ತು.

ಅತ್ತೆ ಕರುವನ್ನು ನೋಡಿದಳು. ಅಪ್ಪನನ್ನು ನೋಡಿದಳು.

"ಇದಕ್ಕೂ ಚಳಿಯೇನ್ಲಾ ಚಂದ್ರ?"

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಅಪ್ಪ ಕರುವಿನ ಬಾಯಿಗೆ ಕೈ ಹಾಕಿ ಕಟ್ಟನ್ನು ಎಳೆದು, ಅದನ್ನು ಹಿಂದೆ ಮುಚ್ಚಿಟ್ಟುಕೊಂಡು ಹುಡುಗನ ಹಾಗೆ ನಿಂತ. ನಗು ಇಳಿದ ಮೇಲೆ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆತ್ತಗೆ ಹೇಳಿದಳು:

"ನಾಳೆಯಿಂದ ಬರ್ಬ್ಯಾಡ ಕಣೋ. ಗಿರಾಕಿ ಯಾರು, ತಮ್ಮ ಯಾರು ಅಂತ ನಂಗೆ ಗೊತ್ತಾಗ್ದಂಗೆ ಆಗೋಗೈತೆ."

ಮಾರನೆಯ ದಿನ ಅವಳು ಹಲಗೆ ತೆಗೆಯಲಿಲ್ಲ.

ಅಪ್ಪ ಬೈಗುಳ ತಿಂದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾರದೆ ಗಾರೆಯವನನ್ನು ಮತ್ತೆ ಕರೆಸಿ, ಸಿಮೆಂಟು ಒಡಿ, ವಾಪಸ್ ಹೊರಿಸ್ತೀನಿ ಎಂದ. ಮೊದಲನೆಯ ಮೂಲೆ ಒಡೆಯುವಾಗಲೇ ಸ್ಲೀಪರು ಉದ್ದಕ್ಕೆ ಸೀಳಿತು. ಒಳಗಿನ ತಿರುಳು ಇನ್ನೂ ಕಪ್ಪಗೆ, ಹಸಿಯಾಗಿ ಮಿನುಗುತ್ತಿತ್ತು. ಎತ್ತಿದರೆ ಪೂರಾ ಬಿಚ್ಚಿಹೋಗ್ತದೆ ಎಂದು ಗಾರೆಯವನು ಹಾರೆ ಕೆಳಗಿಟ್ಟ. ಅಪ್ಪ ಮಾರನೆಯ ದಿನ ಒಬ್ಬನೇ ಕಣಕಟ್ಟೆಗೆ ಹೋಗಿಬಂದ. ತೋಟದ ಬೇಲಿ ಮೂಲೆಯಲ್ಲಿ ಬೇರೆಯವರ ಅಂಗಡಿ ಬಂದು ಕೂತಿತ್ತಂತೆ. ಇವಳಿದ್ದ ಜಾಗದ ಮೇಲೆ ಹೊಸ ರಸ್ತೆ ಹಾದುಹೋಗಿತ್ತಂತೆ.

"ಏನಂದ್ರು?" ಎಂದು ಅತ್ತೆ ಕೇಳಿದಳು.

"ಎಲ್ಲ ನಿನ್ನ ಕೇಳಿದ್ರು ಅಕ್ಕ."

"ಕೇಳ್ದಾಗ ಏನಂದೆ?"

"ಚೆನ್ನಾಗವ್ಳೆ ಅಂದೆ."

"ಸುಳ್ಳೇನಲ್ಲ ಬಿಡು" ಎಂದಳು ಅತ್ತೆ, ಮತ್ತು ಅವ್ವನ ಪಕ್ಕ ಕೂತು ಬೆಳ್ಳುಳ್ಳಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

ಸುಳ್ಳಲ್ಲ, ನಿಜ. ಹೊತ್ತು ಹೊತ್ತಿಗೆ ಊಟ, ಮಂಡಿಗೆ ಎಣ್ಣೆ, ಮೈಗೆ ಮೆತ್ತನೆಯ ಸೀರೆ. ಅಂಗಡಿಯಲ್ಲಿ ಈಗ ಒಣಗಿದ ತೆಂಗಿನಕಾಯಿ ತುಂಬಿದ್ದಾರೆ. ಮನೆಗೆ ನೆಂಟರು ಯಾರೇ ಬರಲಿ, ಅತ್ತೆ ಕಾಫಿ ಲೋಟ ಕೊಟ್ಟು ಎದುರಿಗೆ ಕೂತು ತಮ್ಮನ ಕಥೆ ಶುರುಮಾಡುತ್ತಾಳೆ. ಕಣಕಟ್ಟೆಯಿಂದ ಇಲ್ಲಿಯ ತನಕ ಒಂದು ಹಲಗೆಯನ್ನೂ ಬಿಚ್ಚದೆ ಹೊತ್ತು ತಂದದ್ದು, ಧೂಳು ಬೀಳದ ಕಡೆ ಇಟ್ಟದ್ದು, ಗೆದ್ದಲು ಬರದ ಹಾಗೆ ಸಿಮೆಂಟು ಹಾಕಿಸಿದ್ದು, ಒಂದನ್ನೂ ಬಿಡುವುದಿಲ್ಲ. "ಯಾವ ತಮ್ಮ ಮಾಡ್ತಾನೆ ಹೇಳಿ ಇಷ್ಟು? ನಮ್ಮ ಚಂದ್ರ ಮಾಡ್ದ" ಎನ್ನುತ್ತಾಳೆ. ಆ ಮಾತಿನಲ್ಲಿ ಕೊಂಕಿಲ್ಲ, ನಾನು ಎಷ್ಟೋ ಸಲ ಕಿವಿಗೊಟ್ಟು ಕೇಳಿದ್ದೇನೆ. ಅವಳು ಹೊಗಳಲು ಶುರುಮಾಡಿದಳೆಂದರೆ ಅಪ್ಪ ಅರ್ಧ ಕುಡಿದ ಕಾಫಿಯನ್ನು ಜಗಲಿಯ ಮೇಲಿಟ್ಟು, ದನಕ್ಕೆ ನೀರು ಇಟ್ಟಿಲ್ಲ ಎಂದು ಎದ್ದು ಹೋಗುತ್ತಾನೆ. ಬಂದ ನೆಂಟರು ಅದನ್ನು ಅಪ್ಪನ ಸಂಕೋಚ ಎಂದುಕೊಳ್ಳುತ್ತಾರೆ.